ಕೊಲಂಬೊ ಅಕ್ಕನ ಅರ್ಜಿ

ಹೋದ ವಾರ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿ ಹಿತ್ತಲ ಬಿಸಿಲಿಗೆ ಇಟ್ಟೆ. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ, ಕಪ್ಪಾದ ಜರಿಯ ವಾಸನೆ. ತಳದಲ್ಲಿ ನನ್ನ ಕಾನ್ವೆಂಟಿನ ಕಾಂಪೊಸಿಷನ್ ಪುಸ್ತಕ. ಅದನ್ನು ಕೊಡವಿದಾಗ ಒಂದು ಗುಲಾಬಿ ಬಣ್ಣದ ಬ್ಲಾಟಿಂಗ್ ಪೇಪರ್ ಜಾರಿ ಕಾಲ ಹತ್ತಿರ ಬಿತ್ತು. ಈಗಿನ ಮಕ್ಕಳಿಗೆ ಅದೇನು ಅಂತ ಹೇಳಬೇಕಾಗುತ್ತೆ. ಶಾಯಿಯಲ್ಲಿ ಬರೆದ ಮೇಲೆ ಹಸಿ ಅಕ್ಷರ ಕಲೆಸಿಹೋಗದ ಹಾಗೆ ಒತ್ತುತ್ತಿದ್ದ ಮೆತ್ತನೆಯ ಕಾಗದ. ಬರೆದದ್ದೆಲ್ಲ ಅದರ ಮೇಲೆ ತಿರುವುಮುರುವಾಗಿ ಮೂಡಿಬಿಡುತ್ತಿತ್ತು.

ಅಂಚೆಲ್ಲ ಕಂದಿತ್ತು. ಮಧ್ಯದಲ್ಲಿ ಒಂದೇ ಒಂದು ಸಾಲು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದನ್ನು ಬಚ್ಚಲಮನೆ ಕನ್ನಡಿಗೆ ಹಿಡಿಯಬೇಕಾಗಿರಲಿಲ್ಲ, ಏನಂತ ನನಗೆ ಗೊತ್ತಿತ್ತು. ಆದರೂ ಹಿಡಿದೆ. ನನ್ನದೇ ದುಂಡನೆಯ ಇಂಗ್ಲಿಷ್ ಅಕ್ಷರ, ಸಿಸ್ಟರುಗಳು ಕಲಿಸಿದ ಓರೆ ಬರಹ. "ಓಯಿಂಗ್ ಟು ಇಲ್ ಹೆಲ್ತ್..." ಅನಾರೋಗ್ಯದ ಕಾರಣದಿಂದ...

ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಒಲೆ ಮೇಲೆ ಹಾಲು ಉಕ್ಕಿದ ವಾಸನೆ ಬಂದ ಮೇಲೇ ಎಚ್ಚರವಾದದ್ದು.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಬೀದಿಯಲ್ಲಿ ಏಳೋ ಎಂಟೋ ಮನೆ, ಮಿಕ್ಕಿದ್ದೆಲ್ಲ ತುಂಬೆ ಗಿಡ, ಹುಲ್ಲು, ಅದರೊಳಗೆ ಹಳ್ಳಿಯವರ ದನ. ಗಾಳಿ ಬಂದರೆ ಒಣಹಾಕಿದ ಬಟ್ಟೆ ಮೂರು ಸೈಟು ದಾಟಿ ಹೋಗುತ್ತಿತ್ತು. ನಾನು ರೈಲು ಹಳಿ ದಾಟಿ ಮಲ್ಲೇಶ್ವರದ ಕಡೆ ಕಾನ್ವೆಂಟಿಗೆ ನಡೆದುಕೊಂಡು ಹೋಗುತ್ತಿದ್ದೆ. ಹದಿನಾಲ್ಕು ವರ್ಷ ಇರಬೇಕು. ಇಂಗ್ಲಿಷ್ ಕೈಬರಹಕ್ಕೆ ನನಗೆ ಒಂದು ಬಹುಮಾನ ಬಂದಿತ್ತು. ಅದನ್ನು ಅಮ್ಮ ಬಂದವರಿಗೆಲ್ಲ ಕಾಫಿ ಜೊತೆ ತೋರಿಸುತ್ತಿದ್ದರು.

ಎದುರುಮನೆಯಲ್ಲಿ ಇದ್ದದ್ದು ಒಬ್ಬರೇ ದೊಡ್ಡಮ್ಮ. ನೆಂಟಸ್ತಿಕೆಯ ದೊಡ್ಡಮ್ಮ ಅಲ್ಲ, ಬೀದಿಗೆಲ್ಲ ದೊಡ್ಡಮ್ಮ. ಯಜಮಾನರು ತೀರಿಕೊಂಡಿದ್ದರು. ಅವರ ಒಬ್ಬಳೇ ಮಗಳನ್ನು ಕೊಲಂಬೊದಲ್ಲಿ ಚಹಾ ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರಿಗೆ ಕೊಟ್ಟಿತ್ತು. ಒಂದು ಸಂಕ್ರಾಂತಿ ಕಳೆದ ಮೇಲೆ ಆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವತ್ತಿನಿಂದ ಅವಳು ನಮಗೆಲ್ಲ ಕೊಲಂಬೊ ಅಕ್ಕ.

ಅಕ್ಕ ಬೆಳ್ಳಗಿರಲಿಲ್ಲ, ಚೆಲುವೆ ಅಂತಲೂ ಹೇಳಲಾರೆ. ಆದರೆ ಮಾತಾಡುವಾಗ ಕೈಬೆರಳನ್ನೆಲ್ಲ ಒಂದೊಂದಾಗಿ ಮಡಿಚುವ ಅಭ್ಯಾಸ ಇತ್ತು, ಅದನ್ನೇ ನೋಡುತ್ತಾ ಕೂರಬೇಕು ಅನಿಸೋದು. ಅವಳ ಟ್ರಂಕು ತೆಗೆದರೆ ದಾಲ್ಚಿನ್ನಿ ಘಮ. ರವಿಕೆಯ ತೋಳಿಗೆ ಸಮುದ್ರದ ನೊರೆಯ ಹಾಗಿದ್ದ ಲೇಸಿನ ಅಂಚು, ಅಲ್ಲಿನ ಹೆಂಗಸರು ಕೈಯಲ್ಲೇ ಹೆಣೆಯುವಂಥದ್ದು. "ಅಡಿಗೆಮನೆ ಕಿಟಕೀಲಿ ಸಮುದ್ರ ಕಾಣತ್ತೆ ಕಣೇ," ಅನ್ನೋಳು. "ಸಾರಿಗೆ ಒಗ್ಗರಣೆ ಹಾಕ್ತಾ ಹಾಕ್ತಾ ಹಡಗು ಎಣಿಸಬಹುದು. ಆದ್ರೆ ಕಾಗೆ ಮಾತ್ರ ನಮ್ಮ ಕಾಗೆ ಥರಾನೇ ಕೂಗತ್ತೆ, ಅದಕ್ಕೆ ಪಾಸ್‌ಪೋರ್ಟೂ ಬೇಡ."

ಆ ಪಾಸ್‌ಪೋರ್ಟನ್ನು ನಾನೇ ಓದಿದ್ದೆ. ಅದು ಹೇಳಲೇಬೇಕು. ಅವರ ಜಗಲಿಯ ಮೇಲೆ ಅಮ್ಮ, ದೊಡ್ಡಮ್ಮ ಇಬ್ಬರೂ ಮೊರದ ತುಂಬ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅಕ್ಕ ಒಳಗಿನಿಂದ ಅದನ್ನು ತಂದು, "ಕಾನ್ವೆಂಟ್ ಮೇಡಂ, ಇದೇನು ಬರೆದಿದೆ ಇವರಿಗೆ ಓದಿ ಹೇಳಿ," ಅಂದಳು. ಅವಳಿಗೆ ಗೊತ್ತಿತ್ತು, ಭಾವ ಹೇಳಿಕೊಟ್ಟಿದ್ದರು. ತಾಯಿಗೆ ಬೇರೆಯವರ ಬಾಯಲ್ಲಿ ಹೇಳಿಸಬೇಕಿತ್ತು ಅಷ್ಟೆ. ನಾನು ಗತ್ತಿನಿಂದ ಓದಿದೆ. ನೇರಳೆ ಬಣ್ಣದ ಮುದ್ರೆ. ಜುಲೈ ತಿಂಗಳ ಕೊನೆಯ ದಿನದೊಳಗೆ ಸಿಲೋನಿಗೆ ವಾಪಸ್ಸು ಬರಬೇಕು, ಆ ದಿನ ದಾಟಿದರೆ ಈ ಅನುಮತಿ ನಡೆಯುವುದಿಲ್ಲ.

"ಜುಲೈ ಅಂದ್ರೆ ನಮ್ಮ ಯಾವ ಮಾಸ?" ಅಂದರು ದೊಡ್ಡಮ್ಮ.

"ಆಷಾಢವೇ ಇರಬೇಕು," ಅಂದರು ಅಮ್ಮ.

"ರಾಮ ರಾಮ! ಆಷಾಢದಲ್ಲಿ ಬಾಣಂತೀನ ಗಂಡನ ಮನೆಗೆ ಕಳಿಸ್ತಾರೇನೇ ಯಾರಾದ್ರೂ? ಸೀಲು ಹೊಡೆದೋನಿಗೆ ಅಷ್ಟೂ ತಿಳೀಲಿಲ್ವೇ?"

"ಅವನಿಗೇನು ತಿಳಿಯತ್ತೆ ಬಿಡಿ, ಅವನೇನು ಹೆತ್ತವನೇ?"

ಎಲ್ಲರೂ ನಕ್ಕೆವು. ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರೆಕಾಳು ಒಂದು ಉರುಳಿ ಪಾಸ್‌ಪೋರ್ಟಿನ ಮೇಲೆ ನಿಂತಿತು, ಅವಳು ಅದನ್ನು ಊದಿ ಬೀಳಿಸಿದಳು...

ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ ಹೆಣ್ಣುಮಗು ಹುಟ್ಟಿತು. ಕಾನ್ವೆಂಟಿನಿಂದ ಬಂದವಳು ಕಾಲು ತೊಳೆದು ಆ ಕತ್ತಲೆ ಕೋಣೆಗೆ ನುಗ್ಗುತ್ತಿದ್ದೆ. ಸಾಂಬ್ರಾಣಿ ಹೊಗೆ, ತೇಯ್ದ ಬಜೆ, ಬೆಳ್ಳುಳ್ಳಿ, ಮಗುವಿನ ನೆತ್ತಿಯ ಎಣ್ಣೆ. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕೂತಿರೋಳು. ಹದಿನೈದು ದಿನಕ್ಕೊಂದು ಭಾವನ ಕಾಗದ ಬರೋದು. ಒಳಗಿನದು ಕೈಬರಹದ ಕನ್ನಡ, ಮೇಲಿನ ವಿಳಾಸ ಮಾತ್ರ ಟೈಪು ಮಾಡಿದ್ದು, ಒಂದು ಅಕ್ಷರ ಕೂಡ ಮೇಲೆ ಕೆಳಗೆ ಹೋಗದ ಹಾಗೆ. ಕಾಗದದ ಕೊನೆಗೆ ತಪ್ಪದೆ ಒಂದು ಸಾಲು: ತಾರೀಕು ಮರೆಯಬೇಡ. ಅದಕ್ಕಿಂತ ಹೆಚ್ಚಾಗಿ ಅತ್ತೆಗೆ ಒತ್ತಾಯ ಮಾಡುವ ಸ್ವಭಾವ ಅವರದ್ದಲ್ಲ.

ತವರಿನಿಂದ ಬಾಣಂತಿಯನ್ನು ಬೆಸ ತಿಂಗಳಲ್ಲೇ ಕಳಿಸಬೇಕು ಅನ್ನುವುದು ನಮ್ಮಲ್ಲಿ ಪದ್ಧತಿ. ಮೂರನೇ ತಿಂಗಳು ಬಂದಾಗ, ಮಗುವಿನ ಕತ್ತು ನಿಂತಿಲ್ಲ, ಸಮುದ್ರ ದಾಟಿಸೋದು ಬೇಡ ಅಂದರು. ಐದನೇದು ಆಷಾಢದೊಳಗೇ ಬಿತ್ತು. ಆರನೇದು ಸಮ. ಅಷ್ಟರೊಳಗೆ ಗೌರಿ ಹಬ್ಬ. ಮಗಳು ತವರಲ್ಲಿದ್ದಾಗ ಬಾಗಿನ ಕೊಡದೆ ಹಬ್ಬದ ಮುಂಚೆ ಯಾರು ಕಳಿಸುತ್ತಾರೆ? ಆಮೇಲೆ ಪಿತೃಪಕ್ಷ, ಅದರಲ್ಲಂತೂ ಹೊಸಿಲು ದಾಟೋ ಹಾಗಿಲ್ಲ. ಇದರಲ್ಲಿ ಒಂದೊಂದೂ ಎಷ್ಟು ಸಣ್ಣ ಮಾತು ನೋಡಿ. ಯಾರೂ ಹಟ ಮಾಡಿದ್ದಲ್ಲ, ಯಾರದ್ದೂ ಕೆಟ್ಟ ಮನಸ್ಸಲ್ಲ.

ಅಕ್ಕ ಒಂದು ಸಲ ಬಾಯಿ ತೆಗೆದಳು. ಜುಲೈ ಮಧ್ಯದಲ್ಲಿ. ನಾನು ಮಗುವನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದೆ.

"ಅಮ್ಮ, ಅವರು ಮತ್ತೆ ಬರೆದಿದಾರೆ. ಹೊರಟುಬಿಡ್ತೀನಿ ಅಂತೀನಿ."

"ರೈಲಿನ ಟಿಕೇಟೇನೇ ಅದು, ತಾರೀಕು ದಾಟಿತು ಅಂತ ಕೆಳಗಿಳಿಸೋಕೆ?" ಅಂದರು ದೊಡ್ಡಮ್ಮ, ಒರಳಿನಿಂದ ಕೈ ತೆಗೆಯದೆ. "ಹೆಂಡ್ತಿ ಗಂಡನ ಮನೆಗೆ ಹೋಗೋದಕ್ಕೆ ಯಾವ ಸರ್ಕಾರದ ಅಪ್ಪಣೆ ಬೇಕು? ತಾಳಿ ತೋರಿಸು. ಅದಕ್ಕಿಂತ ದೊಡ್ಡ ಸೀಲು ಯಾವುದಿದೆ?"

ಅಕ್ಕ ಒಂದೊಂದಾಗಿ ಬೆರಳು ಮಡಿಚಿದಳು.

ವಿಜಯದಶಮಿ ಆದ ಮೂರನೇ ದಿನ ಹೊರಟಳು. ಏಳನೇ ತಿಂಗಳು ನಡೀತಿತ್ತು, ದಿನ ಚೆನ್ನಾಗಿತ್ತು. ಕೆಂಗೇರಿಯಿಂದ ಅವಳ ಸೋದರಮಾವ ಬಂದಿದ್ದರು, ದಡದ ತನಕ ಬಿಟ್ಟುಬರಲು. ಜಟಕಾದಲ್ಲಿ ಟ್ರಂಕು, ಹಾಸಿಗೆ ಸುತ್ತು, ಭಾವನಿಗೆ ಅಂತ ಅಮ್ಮ, ದೊಡ್ಡಮ್ಮ ಸೇರಿ ಮಾಡಿದ್ದ ಚಕ್ಕುಲಿಯ ಡಬ್ಬ. ಡಬ್ಬದ ಬಾಯಿಗೆ ಅಮ್ಮ ಹಳೇ ಪಂಚೆಯ ತುಂಡು ಹಾಕಿ ಎರಡು ಗಂಟು ಬಿಗಿದಿದ್ದರು. ಅಕ್ಕ ಮಗುವಿನ ಕೈ ಹಿಡಿದು ನನಗೆ ಟಾಟಾ ಮಾಡಿಸಿದಳು.

ಎಂಟನೇ ದಿನ ನಾನು ಕಾನ್ವೆಂಟಿನಿಂದ ಬರುತ್ತಿದ್ದೆ. ಎದುರುಮನೆ ಮುಂದೆ ಜಟಕಾ ನಿಂತಿತ್ತು. ಮೊದಲು ಕಂಡದ್ದು ಆ ಡಬ್ಬ. ಅಮ್ಮ ಹಾಕಿದ ಎರಡು ಗಂಟು ಹಾಗೇ ಇತ್ತು.

ಹಡಗಿಗೆ ಮುಂಚೆ, ರಾಮೇಶ್ವರದ ಈಚೆ ಮಂಡಪಂ ಅನ್ನುವ ಊರಿನ ಹತ್ತಿರ ಸಿಲೋನಿಗೆ ಹೋಗುವವರ ಕಾಗದಪತ್ರ ನೋಡುತ್ತಿದ್ದರು. ಮುದ್ರೆಯ ಗಡುವು ಕಳೆದು ಎರಡೂವರೆ ತಿಂಗಳಾಗಿತ್ತು. ಅಕ್ಕ ತಾಳಿ ತೋರಿಸಲಿಲ್ಲವಂತೆ, ಅವಳೊಂದಿಗೆ ಹೋದ ಮಾವ ಹೇಳಿದರು. ಮಗುವನ್ನು ಎತ್ತಿ ತೋರಿಸಿದಳಂತೆ. ಆ ಅಧಿಕಾರಿ ಕೆಟ್ಟವನೇನಲ್ಲ. ಮಗುವಿಗೆ ಬಿಸ್ಕತ್ತು ಕೊಟ್ಟು, ಹೊಸದಾಗಿ ಅರ್ಜಿ ಹಾಕಿಕೊಳ್ಳಿ, ಗಡುವು ಯಾಕೆ ದಾಟಿತು ಅಂತ ಕಾರಣ ಬರೆಯಿರಿ ಅಂದನಂತೆ. ಆಚೆ ದಡದಲ್ಲಿ ಭಾವ ಎರಡು ದಿನ ಹಡಗು ಕಾದು, ಇಳಿದವರ ಮುಖವನ್ನೆಲ್ಲ ನೋಡಿ ವಾಪಸ್ಸು ಹೋದರು ಅಂತ ಆಮೇಲೆ ಕಾಗದದಲ್ಲಿ ತಿಳೀತು.

ದೊಡ್ಡಮ್ಮ ಡಬ್ಬ ತೆಗೆದುಕೊಂಡು ಹೋಗಿ ಅಡಿಗೆಮನೆಯ ಮೇಲಿನ ಹಲಗೆಯಲ್ಲಿಟ್ಟರು.

ಮುಂದಿನ ಭಾನುವಾರ ಅಕ್ಕ ನಮ್ಮ ಮನೆಗೆ ಬಂದು ನನ್ನ ಮೇಜಿನ ಪಕ್ಕದಲ್ಲಿ ಕೂತಳು. "ನೀನೇ ಬರಿ. ನಿನ್ನ ಅಕ್ಷರ ನೋಡಿದ್ರೆ ಯಾರಿಗಾದ್ರೂ ಇಲ್ಲ ಅನ್ನೋಕೆ ಮನಸ್ಸು ಬರಲ್ಲ." ನನಗೆ ಎಷ್ಟು ಹೆಮ್ಮೆ ಆಯಿತು ಅಂತೀರಿ! ಹೊಸ ನಿಬ್ಬು ಹಾಕಿದೆ. ಗುಲಾಬಿ ಬ್ಲಾಟಿಂಗ್ ಪೇಪರ್ ಪಕ್ಕದಲ್ಲಿಟ್ಟುಕೊಂಡೆ. ಗಂಡನ ಹೆಸರು, ಕೆಲಸ, ಅವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಹೆಂಡತಿ, ಮಗು ಅವರನ್ನು ಸೇರಿಕೊಳ್ಳಲು ಅನುಮತಿ ಕೊಡಬೇಕು, ಎಲ್ಲ ಚೆನ್ನಾಗಿ ಬಂತು. ಆಮೇಲೆ ಕಾರಣ.

ಅಕ್ಕ ನಿಧಾನವಾಗಿ ಬೆರಳು ಮಡಿಚುತ್ತಾ ಹೇಳಿದಳು. "ಐದನೇ ತಿಂಗಳು ಆಷಾಢ ಬಂತು. ಆಷಾಢದಲ್ಲಿ ಕಳಿಸಲ್ಲ. ಆಮೇಲೆ ಸಮ ತಿಂಗಳು. ಆಮೇಲೆ ಗೌರಿ ಹಬ್ಬ. ಆಮೇಲೆ ಪಕ್ಷ... ಅಮ್ಮಂದು ತಪ್ಪಲ್ಲ, ನಮ್ಮಲ್ಲಿ ಹಂಗೇ ಅಂತ ಬರಿ."

ನನ್ನ ಪೆನ್ನು ನಿಂತಿತು. ಆ ವಾರವಷ್ಟೇ ತರಗತಿಯಲ್ಲಿ ಒಬ್ಬಳು ಬೆಕ್ಕು ಅಡ್ಡ ಬಂತು ಅಂತ ತಡವಾಗಿ ಬಂದದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು, ಸಿಸ್ಟರ್ ಕೂಡ. ಅರ್ಜಿ ಹೋಗಬೇಕಿದ್ದ ಮದರಾಸಿನ ಸಿಲೋನ್ ಕಚೇರಿಯಲ್ಲಿ ಟೈ ಕಟ್ಟಿದ ಯಾರೋ ದೊರೆಯಂಥವನು ನನ್ನ ಓರೆ ಬರಹದಲ್ಲಿ ಆಷಾಢ, ಸಮ ತಿಂಗಳು ಅಂತ ಓದಿ ಪಕ್ಕದವನಿಗೆ ತೋರಿಸಿ ನಗುತ್ತಾನೆ ಅನಿಸಿತು. ನನಗೇ ನಾಚಿಕೆಯಾಯಿತು. ಅಕ್ಕನ ಪರವಾಗಿ ನಾಚಿಕೆ ಅಂದುಕೊಂಡೆ. ನನ್ನ ಪರವಾಗಿಯೇ ಇರಬೇಕು... ಬರೆದೆ. ಅನಾರೋಗ್ಯದ ಕಾರಣದಿಂದ ಪ್ರಯಾಣ ಮಾಡಲಾಗಲಿಲ್ಲ. ಚಂದದ ಸಾಲು, ಚಿಕ್ಕದು. ಬ್ಲಾಟಿಂಗ್ ಪೇಪರ್ ಒತ್ತಿದೆ.

"ಎಲ್ಲ ಬರೆದ್ಯಾ? ಇಷ್ಟೇನಾ ಆಗಿದ್ದು?" ಅಂದಳು.

"ಅವರಿಗೆ ಅರ್ಥ ಆಗೋ ಹಾಗೆ ಬರೆದಿದೀನಿ ಅಕ್ಕ."

ಅವಳಿಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯಲು ಮಾತ್ರ ಬರುತ್ತಿತ್ತು. ಭಾವ ಕಲಿಸಿದ್ದರು. ತುಟಿ ಕಚ್ಚಿಕೊಂಡು, ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ, ಸಹಿ ಮಾಡಿದಳು.

ಉತ್ತರ ಬಂದದ್ದು ಮುಂದಿನ ಅವರೆಕಾಯಿ ಕಾಲದಲ್ಲಿ. ಉದ್ದನೆಯ ಕಂದು ಲಕೋಟೆ. ಅಕ್ಕ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಓಡಿಬಂದಳು. ನಾನು ಓದಿದೆ. ಯಾವ ಕಾಯಿಲೆ, ಎಷ್ಟು ದಿನ ಇತ್ತು, ಚಿಕಿತ್ಸೆ ಮಾಡಿದ ವೈದ್ಯರು ಯಾರು, ಅವರ ಸರ್ಟಿಫಿಕೇಟು ಕಳಿಸತಕ್ಕದ್ದು.

"ಯಾರಿಗೆ ಕಾಯಿಲೆ ಕಣೇ?" ಅಂದಳು ಅಕ್ಕ.

ನಾನು ಅಳುತ್ತಾ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮಗು ಲಕೋಟೆಯ ಮೂಲೆ ಚೀಪುತ್ತಿತ್ತು, ಮೆಲ್ಲಗೆ ಬಿಡಿಸಿಕೊಂಡಳು.

"ಆಷಾಢ ಅಂತ ಬರೆದಿದ್ರೆ ನಗ್ತಿದ್ರು, ಅಷ್ಟೇ ತಾನೆ," ಅಂದಳು. "ನಕ್ಕು ಸೀಲು ಹೊಡೀತಿದ್ರೇನೋ ಕಣೇ."

ಅಷ್ಟೇ. ತಪ್ಪು ನನ್ನದು ಅಂತ ಅವಳು ಅಮ್ಮನಿಗೂ ಹೇಳಲಿಲ್ಲ, ದೊಡ್ಡಮ್ಮನಿಗೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ನನ್ನ ಗೆಳತಿಯರು ಶನಿವಾರ ಚರ್ಚಿನ ಮರದ ಗೂಡಿನೊಳಗೆ ಹೋಗಿ ತಪ್ಪೆಲ್ಲ ಹೇಳಿಕೊಂಡು ಹಗುರಾಗಿ ಬರುವುದನ್ನು ನೋಡುತ್ತಿದ್ದೆ. ನಮಗೆ ಆ ಅನುಕೂಲ ಇರಲಿಲ್ಲ.

ಈಗ ಕಾಯಿಲೆಯೇ ಇರಲಿಲ್ಲ ಅಂತ ಬರೆದರೆ ಮೊದಲನೆಯ ಅರ್ಜಿಯೇ ಸುಳ್ಳಾಗುತ್ತೆ, ಸುಳ್ಳು ಹೇಳಿದವರಿಗೆ ಅನುಮತಿ ಯಾರು ಕೊಡುತ್ತಾರೆ ಅಂತ ಸೋದರಮಾವ ಅಂದರು. ಹಾಗಾಗಿ ಸರ್ಟಿಫಿಕೇಟು ಹುಡುಕಿದರು. ಕೆಂಗೇರಿಯಲ್ಲಿ ಅವರಿಗೆ ಬೇಕಾದ ವಯಸ್ಸಾದ ಡಾಕ್ಟರೊಬ್ಬರಿದ್ದರು. ಮಗುವಿನ ಮುಖ ನೋಡಿ ಕರಗಿಹೋದರು. ಸಾಧಾರಣ ಜ್ವರ ಅಂತ ಬರೆದರೆ ಅಷ್ಟು ತಿಂಗಳಿಗೆ ಸಾಲದು ಅಂತ, ಪಾಪ, ಒಳ್ಳೆಯದಕ್ಕೇ, ಎದೆಯ ಸೋಂಕು, ದೀರ್ಘ ವಿಶ್ರಾಂತಿ ಬೇಕಾಯಿತು ಅಂತ ಬರೆದುಕೊಟ್ಟರು. ಅದನ್ನು ಅರ್ಜಿ ಜೊತೆ ಇಟ್ಟು ಲಕೋಟೆಗೆ ಅಂಟು ಹಚ್ಚಿದವಳು ನಾನೇ.

ಎದೆಯ ಕಾಯಿಲೆ ಅಂದರೆ ಆ ಕಾಲದಲ್ಲಿ ಒಂದೇ ಅರ್ಥ, ಕ್ಷಯ. ಹೊರದೇಶದ ಕಚೇರಿಗಳು ಎಲ್ಲಕ್ಕಿಂತ ಹೆದರುತ್ತಿದ್ದದ್ದು ಅದಕ್ಕೇ. ಇನ್ನೊಂದು ಕಂದು ಲಕೋಟೆ ಬಂತು: ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಬೇಕು, ಮೂರು ಸಲ ಎದೆ ಶುದ್ಧವಾಗಿದೆ ಅಂತ ದೊಡ್ಡಾಸ್ಪತ್ರೆಯವರು ಬರೆದುಕೊಡಬೇಕು, ಅಲ್ಲಿಯವರೆಗೆ ಅರ್ಜಿ ಬಾಕಿ.

ಮೊದಲನೇ ಎಕ್ಸ್‌ರೇ ತಂದ ದಿನ ಅಕ್ಕ ಅದನ್ನು ಹಿತ್ತಲಲ್ಲಿ ಬಿಸಿಲಿಗೆ ಎತ್ತಿ ಹಿಡಿದಳು. ನಾವಿಬ್ಬರೂ ನೋಡಿದೆವು. ಕಪ್ಪು ಹಾಳೆಯೊಳಗೆ ಬೆಳ್ಳಗೆ ಪಕ್ಕೆಲುಬು, ಏಣಿಯ ಹಾಗೆ. ಎಲ್ಲೂ ಒಂದು ಕಲೆ ಇಲ್ಲ. ನಡೆಯಲು ಕಲಿತಿದ್ದ ಮಗು ಬಂದು ಅದರ ನೆರಳಿನಲ್ಲಿ ನಿಂತು ಮೇಲೆ ನೋಡಿತು. "ನಿಮ್ಮಪ್ಪನಿಗೆ ಕಳಿಸೋಣ್ವಾ ಇದನ್ನ, ಅಮ್ಮನ ಫೋಟೋ ಅಂತ?" ಅಂದಳು ಅಕ್ಕ. ನಗಿಸಲು ಅಂದದ್ದು. ನಾನು ನಗಲಿಲ್ಲ.

ಇಷ್ಟರೊಳಗೆ ಭಾವನ ಕಡೆಯೂ ಕಾಲು ಜಾರಲು ಶುರುವಾಗಿತ್ತು. ಅವರ ಪರ್ಮಿಟ್ಟನ್ನೂ ವರ್ಷ ವರ್ಷ ಹೊಸದು ಮಾಡಿಸಬೇಕಿತ್ತು. ಹೊರಗಿನವರನ್ನು ಬಿಟ್ಟು ಆ ದೇಶದವರಿಗೇ ಕೆಲಸ ಕೊಡಬೇಕು ಅನ್ನುವ ಮಾತು ಅಲ್ಲಿ ಜೋರಾಗಿ, ಒಂದು ವರ್ಷ ಅದು ಹೊಸದಾಗಲಿಲ್ಲ. ಇಂಥ ತಿಂಗಳೊಳಗೆ ದೇಶ ಬಿಡಬೇಕು ಅಂತ ನೋಟೀಸು ಕೊಟ್ಟರು.

"ಬಂದುಬಿಡಲಿ ಕಣೇ, ಗಂಜಿ ಕುಡಿದುಕೊಂಡಿದ್ರಾಯ್ತು," ಅಂದರು ಅಮ್ಮ. ಅಕ್ಕನೂ ಹಾಗೇ ಬರೆದಳು. ಬಂದುಬಿಡಿ.

ಉತ್ತರವನ್ನು ಅವಳು ನನಗೆ ಓದಿದಳು, ನಮ್ಮ ಬಾವಿಕಟ್ಟೆ ಮೇಲೆ ಕೂತು. ನಾನು ಹೊರಟುಬಂದರೆ ನಿನ್ನ ಅರ್ಜಿ ಸತ್ತ ಹಾಗೆ. ಗಂಡ ಇಲ್ಲಿಲ್ಲದೆ ಯಾರ ಹೆಂಡತಿ ಅಂತ ನಿನ್ನನ್ನು ಇವರು ಒಳಗೆ ಬಿಡುತ್ತಾರೆ? ಇಷ್ಟು ವರ್ಷ ಕಟ್ಟಿದ ಬದುಕು ಬಿಟ್ಟು ಅತ್ತೆ ಮನೆ ಜಗಲಿ ಮೇಲೆ ಹೇಗೆ ಕೂರಲಿ? ವಕೀಲರು, ಇನ್ನೆರಡು ಎಕ್ಸ್‌ರೇ ಆಗುವವರೆಗೆ ಹೇಗಾದರೂ ಇರು, ಸಂಸಾರ ಬಂತು ಅಂದರೆ ನಿನ್ನ ಪರ್ಮಿಟ್ಟೂ ಸರಿಯಾಗಬಹುದು ಅಂತಾರೆ. ಇರ್ತೀನಿ...

ಇದ್ದರು. ಗಡುವು ದಾಟಿಸಿಕೊಂಡು ಇದ್ದರು. ಒಂದು ಕಾಲದಲ್ಲಿ ಹೆಂಡತಿಗೆ ತಾರೀಕು ಮರೆಯಬೇಡ ಅಂತ ಬರೆಯುತ್ತಿದ್ದವರು. ಇವಳು ಅಲ್ಲಿಗೆ ಹೋಗಲು ಕಾಯುತ್ತಾ ಇಲ್ಲಿ, ಅವರು ಇವಳು ಬರಲಿ ಅಂತ ಕಾಯುತ್ತಾ ಅಲ್ಲಿ. ನಡುವೆ ಅಕ್ಕನ ಎದೆಯಲ್ಲಿ ಇಲ್ಲದ ಒಂದು ಕಾಯಿಲೆ.

ಮೂರನೇ ಎಕ್ಸ್‌ರೇ ಶುದ್ಧವಾಗಿ ಬರುವ ಹೊತ್ತಿಗೆ ಕಾಗದಗಳು ಎರಡು ತಿಂಗಳಿಗೊಂದಾಗಿದ್ದವು. ಕೊನೆಯದು ನನಗೆ ಚೆನ್ನಾಗಿ ನೆನಪಿದೆ. ಲಕೋಟೆ ಮೇಲೆ ಟೈಪು ಇರಲಿಲ್ಲ. ಪೆನ್ಸಿಲಿನಲ್ಲಿ ಬರೆದ ವಿಳಾಸ, ಸಾಲು ಕೆಳಗೆ ಇಳಿದಿತ್ತು. ಎಲ್ಲಿಂದ ಅಂತ ಊರಿನ ಹೆಸರೂ ಇರಲಿಲ್ಲ. ಅಕ್ಕ ಒಳಗಿನದನ್ನು ಓದುವ ಮುಂಚೆ ಆ ಪೆನ್ಸಿಲ್ ಗೆರೆಯ ಮೇಲೆ ಬೆರಳಾಡಿಸಿದಳು. "ಮೆಷಿನ್ನು ಹೋಯ್ತು ಅವರದ್ದು," ಅಂದಳು.

ಆ ಸಲ ಅರ್ಜಿ ಬರೆಯುವಾಗ ನಾನು ಅಕ್ಕನಿಗೆ, ನಿಜ ಬರೀತೀನಿ ಅಂದೆ. ಎದೆ ಶುದ್ಧ ಅಂತ ಹೇಗೂ ಸಾಬೀತಾಗಿದೆ, ಇನ್ನು ಹೆದರುವುದೇನು? ಆದರೆ ಆಷಾಢವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯೋದು ಗೊತ್ತಾಗದೆ, ಧೈರ್ಯ ಮಾಡಿ ಸಿಸ್ಟರ್ ಹತ್ತಿರ ಹೋದೆ. ಬೆಕ್ಕಿನ ಮಾತಿಗೆ ನಕ್ಕಿದ್ದರಲ್ಲ, ಅದೇ ಸಿಸ್ಟರ್. ಐರ್ಲೆಂಡಿನವರು, ಕೆಂಪು ಕೈಗಳು, ಹತ್ತಿರ ಹೋದರೆ ಸೋಪಿನ ವಾಸನೆ. ಪೂರ್ತಿ ಕೇಳಿದರು. ನಗಲಿಲ್ಲ.

"ನಮ್ಮೂರಲ್ಲೂ ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ಮದುವೆ ಮಾಡಲ್ಲ ಮಗು," ಅಂದರು. "ನಮ್ಮಮ್ಮ ಶನಿವಾರ ಮನೆ ಬದಲಾಯಿಸ್ತಿರಲಿಲ್ಲ. ಬಾ, ಕೂತ್ಕೋ, ಬರೆಯೋಣ."

ಒಂಬತ್ತು ಸಾಲು. ಒಂಬತ್ತೇ ಸಾಲಿನಲ್ಲಿ ಆಷಾಢ, ಸಮ ತಿಂಗಳು, ಗೌರಿ, ಪಿತೃಪಕ್ಷ ಎಲ್ಲ ಬಂತು, ನಗು ಬರುವ ಹಾಗಿರಲಿಲ್ಲ, ಓದಿದರೆ ಕಣ್ಣು ತೇವವಾಗುವ ಹಾಗಿತ್ತು. ಇದನ್ನು ಮೊದಲೇ ಕೇಳಿದ್ದರೆ... ಸಿಸ್ಟರ್ ಕೋಣೆ ನಮ್ಮ ತರಗತಿಯಿಂದ ಇಪ್ಪತ್ತು ಹೆಜ್ಜೆ.

ಅದಕ್ಕೆ ಉತ್ತರ ಬೇಗ ಬಂತು. ತೆಳ್ಳನೆಯ ಲಕೋಟೆ. ಅರ್ಜಿದಾರಳ ಗಂಡ ಈಗ ಸಿಲೋನಿನಲ್ಲಿ ಕಾನೂನು ಪ್ರಕಾರ ವಾಸವಾಗಿಲ್ಲ. ಅವರು ಎಲ್ಲಿದ್ದಾರೆ ಎಂಬುದು ಇಲಾಖೆಗೆ ತಿಳಿದಿಲ್ಲ. ಆದ್ದರಿಂದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ. ಆಷಾಢದ ಬಗ್ಗೆ ಒಂದು ಮಾತೂ ಇರಲಿಲ್ಲ. ನಕ್ಕರೋ ಇಲ್ಲವೋ ತಿಳಿಯಲೂ ಇಲ್ಲ.

ಆಮೇಲೆ ಭಾವನ ಕಾಗದ ಬರಲಿಲ್ಲ. ಅವರನ್ನು ಹಿಡಿದರೆ ಹಡಗು ಹತ್ತಿಸಿ ಕಳಿಸುತ್ತಿದ್ದರು, ಮನೆಗಾದರೂ ಬರುತ್ತಿದ್ದರು. ಸತ್ತಿದ್ದರೆ ಯಾರಾದರೂ ಬರೆಯುತ್ತಿದ್ದರು. ಸೋದರಮಾವ ಎರಡು ಸಲ ಧನುಷ್ಕೋಡಿಯ ತನಕ ಹೋಗಿ ಹಡಗಿನಿಂದ ಇಳಿಯುವವರನ್ನೆಲ್ಲ ವಿಚಾರಿಸಿ ಬಂದರು. ಅಂಚೆಯವನ ಸೈಕಲ್ ಬೀದಿ ತಿರುವಿನಲ್ಲಿ ಬಂದರೆ ಅಕ್ಕ ಒಳಗೆ ಹೋಗಿಬಿಡುತ್ತಿದ್ದಳು. ಮೊದಲೆಲ್ಲ ಗೇಟಿಗೆ ಓಡಿಬರುತ್ತಿದ್ದವಳು...

ನನ್ನ ಮದುವೆ ಆ ದಶಕದ ಕೊನೆಯಲ್ಲಿ, ಒಂದು ಜ್ಯೇಷ್ಠ ಮಾಸದಲ್ಲಿ ಆಯಿತು. ಅರಿಶಿನ ಹಚ್ಚಲು ಮುತ್ತೈದೆಯರನ್ನು ಕರೆಯುವಾಗ ಯಾರೋ ನೆಂಟರಾಕೆ ಅಮ್ಮನ ಕಿವಿಯಲ್ಲಿ, "ಎದುರುಮನೆಯವಳನ್ನ ಕರೆಯೋದಾ ಬೇಡ್ವಾ? ಹೆಂಗೆ ಅವಳು?" ಅಂದದ್ದು ನನಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು, ಬಾಗಿಲ ಹತ್ತಿರವೇ ನಿಂತಿದ್ದಳು. ಹಣೆ ತುಂಬ ಕುಂಕುಮ ಇತ್ತು. ನಾನು ಮಣೆ ಮೇಲಿಂದಲೇ ಕೂಗಿದೆ, "ಅಕ್ಕ, ಮೊದಲು ನೀನು ಹಚ್ಚು." ಮದುವಣಗಿತ್ತಿ ಹಾಗೆ ಕಿರುಚಬಾರದು ಅಂತ ಬೈಗುಳ ಬಿತ್ತು. ಅಕ್ಕ ಬಂದು ಎರಡೂ ಕೆನ್ನೆಗೆ ಹಚ್ಚಿದಳು. ಕೈ ತಣ್ಣಗಿತ್ತು.

ನಮ್ಮವರಿಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು. ಹೊರಡಬೇಕಾದ ದಿನ ಆಷಾಢದ ಎರಡನೇ ವಾರ. ಮೊದಲ ಆಷಾಢ ಹೊಸ ಮದುವಣಗಿತ್ತಿ ಗಂಡನ ಮನೆಯಲ್ಲಿ ಇರೋ ಹಾಗೇ ಇಲ್ಲ, ಅವರು ಹೋಗಲಿ, ಮಗಳನ್ನು ಶ್ರಾವಣದಲ್ಲಿ ಕಳಿಸ್ತೀನಿ ಅಂತ ಅಮ್ಮ. ಆಗ ದೊಡ್ಡಮ್ಮ ಬೀದಿ ದಾಟಿ ಬಂದರು. ಮಂಡಪಂನಿಂದ ಅಕ್ಕ ವಾಪಸ್ಸು ಬಂದ ದಿನದಿಂದ ಅವರು ಯಾರ ಮನೆಯ ಹೊಸಿಲನ್ನೂ ತುಳಿದಿರಲಿಲ್ಲ. ನಮ್ಮ ನಡುಮನೆಯಲ್ಲಿ ನಿಂತು, ಅಮ್ಮನ ಮುಖ ನೋಡದೆ, ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಕಡೆ ನೋಡುತ್ತಾ ಅಂದರು:

"ಕಳಿಸು. ದಿನ ನೋಡ್ಬೇಡ. ಅವನ ಜೊತೇಲೇ ಕಳಿಸು."

ಅಮ್ಮ ನನ್ನ ಟ್ರಂಕು ತುಂಬಲು ಒಳಗೆ ಹೋದರು. ದೊಡ್ಡಮ್ಮನ ಹಿಂದೆಯೇ ಅಕ್ಕ ಬಂದಿದ್ದಳು. ಕೈಯಲ್ಲಿ ಅದೇ ಡಬ್ಬ, ಬಾಯಿಗೆ ಬಿಳಿ ಬಟ್ಟೆ. ಚಕ್ಕುಲಿ ಹೊಸದು, ಬಿಸಿ ಇನ್ನೂ ತಗಡಿನಿಂದ ಅಂಗೈಗೆ ತಾಕುತ್ತಿತ್ತು. "ರೈಲಲ್ಲೇ ಬಿಚ್ಚಿ ತಿನ್ನಿ ಇಬ್ರೂ," ಅಂದಳು. "ಆಮೇಲೆ ಅಂತ ಇಟ್ಕೋಬೇಡ ಕಣೇ." ಗಂಟು ಹಾಕಿರಲಿಲ್ಲ. ಬಟ್ಟೆಯನ್ನು ಸುಮ್ಮನೆ ಸಿಕ್ಕಿಸಿದ್ದಳು.

ನಾನು ಆ ಅರ್ಜಿಯ ಮಾತು ಎತ್ತಬೇಕು ಅಂತ ಬಾಯಿ ತೆಗೆದೆ. ಅವಳು ನನ್ನ ಸೆರಗು ಸರಿಮಾಡಿ, "ಹೊರಡು, ಜಟಕಾದೋನು ಕಾಯ್ತಿದಾನೆ," ಅಂದಳು.

ನಾವು ಶಿವಮೊಗ್ಗ, ಹಾಸನ ಅಂತ ಊರೂರು ಸುತ್ತಿ ಬೆಂಗಳೂರಿಗೆ ಬರುವ ಹೊತ್ತಿಗೆ ದೊಡ್ಡಮ್ಮ ಹೋಗಿದ್ದರು. ಎದುರುಮನೆ ಬೇರೆಯವರದ್ದಾಗಿತ್ತು. ಅಕ್ಕ ಕೆಂಗೇರಿಯಲ್ಲಿ ಮಾವನ ಮನೆ ಹತ್ತಿರ ಹೊಲಿಗೆ ಕಲಿಸುತ್ತಾ ಮಗಳನ್ನು ಓದಿಸಿದಳು. ಎರಡೋ ಮೂರೋ ಸಲ ಹೋಗಿ ನೋಡಿಬಂದೆ. ಅವಳು ನನ್ನ ಮಕ್ಕಳ ಫ್ರಾಕಿಗೆ ಸಮುದ್ರದ ನೊರೆಯಂಥ ಆ ಅಂಚು ಹೆಣೆದುಕೊಟ್ಟಳು. ಮಾತು ಎಲ್ಲದರ ಬಗ್ಗೆಯೂ ಬಂತು, ಅದೊಂದು ಬಿಟ್ಟು. ಮೂರು ವರ್ಷದ ಹಿಂದೆ ಅವಳು ತೀರಿಕೊಂಡ ಸುದ್ದಿಯನ್ನು ಅವಳ ಮಗಳು ತಡವಾಗಿ ತಿಳಿಸಿದಳು. ನನ್ನ ವಿಳಾಸ ಹುಡುಕಬೇಕಾಯಿತಂತೆ. ಕೊನೆಗೆ ಕಳಿಸಿಕೊಡುವಾಗ ಹಣೆಗೆ ಕುಂಕುಮ ಇಡೋದೋ ಬೇಡವೋ ಅಂತ ಹಿರಿಯರು ಚರ್ಚೆ ಮಾಡಿದರಂತೆ. "ಬೇಡ ಅನ್ನೋಕೆ ಯಾರ ಹತ್ರಾನೂ ಕಾಗದ ಇರಲಿಲ್ಲ ಆಂಟಿ," ಅಂದಳು ಆ ಹುಡುಗಿ. ಹುಡುಗಿ ಅಂತೀನಿ, ಅವಳಿಗೂ ತಲೆ ನರೆತಿದೆ. "ನಾನೇ ಇಟ್ಟೆ."

ನಿಜವನ್ನೇ ಬರೆದಿದ್ದರೆ ಅನುಮತಿ ಸಿಗುತ್ತಿತ್ತೇ? ಗೊತ್ತಿಲ್ಲ. ಆ ಕಾಲದಲ್ಲಿ ಎಷ್ಟೋ ಜನರಿಗೆ ಯಾವ ಸುಳ್ಳೂ ಇಲ್ಲದೆ ಇಲ್ಲ ಅಂದಿದ್ದಾರೆ. ನಮ್ಮವರು ಇದ್ದಾಗ ಅದನ್ನೇ ಹೇಳಿ ಸಮಾಧಾನ ಮಾಡುತ್ತಿದ್ದರು. ಸಮಾಧಾನ ಆಗುತ್ತಿತ್ತು ಕೂಡ, ಮುಂದಿನ ಆಷಾಢದ ತನಕ.

ಟ್ರಂಕಿನ ಬಟ್ಟೆಗಳನ್ನೆಲ್ಲ ಕೊಡವಿ, ಮಡಿಸಿ, ಹೊಸ ನುಸಿಗುಳಿಗೆ ಹಾಕಿ ಒಳಗಿಟ್ಟೆ. ಬ್ಲಾಟಿಂಗ್ ಪೇಪರನ್ನು ಕಸದ ಬುಟ್ಟಿಯ ತನಕ ಒಯ್ದು, ವಾಪಸ್ಸು ತಂದು ಪುಸ್ತಕದೊಳಗೇ ಇಟ್ಟೆ. ಸಿಸ್ಟರ್ ಪಕ್ಕ ಕೂತು ಬರೆದ ಆ ಒಂಬತ್ತು ಸಾಲು ಯಾವ ಕಚೇರಿಯ ಯಾವ ಕಪಾಟಿನಲ್ಲಿ ಗೆದ್ದಲಿಗೆ ಹೋಯಿತೋ... ಅಕ್ಕನಿಗಾಗಿ ನಾನು ಬರೆದದ್ದರಲ್ಲಿ ಉಳಿದಿರೋದು ಈ ಒಂದು ಸಾಲು. ಅದೂ ಸುಳ್ಳು.